ಬಾವ್ಯಾಗ ಈಸಾಕ ಬರ್ತದ, ಸ್ಕೂಬಾಕ್ಕ ಮತ್ತ ಕೋರ್ಸ್ ಯಾಕ ಬೇಕ್ರಿ?

ಪ್ರಶ್ನೆ: ನಮಸ್ಕಾರ್ರಿ. ನಮ್ಮದು ಜಮಖಂಡಿ ಹತ್ರ ಹಳ್ಳಿ. ಸಣ್ಣವನಿದ್ದಾಗಿಂದ ಹೊಲದ ಬಾವ್ಯಾಗ ಈಸಿ ಬೆಳದೀನಿ, ದಮ್ ಹಿಡದು ತಳಾ ಮುಟ್ಟಿ ಬರ್ತೀನಿ. ಗೆಳೆಯಾರು ಮುರುಡೇಶ್ವರಕ್ಕ ಹೋಗಿ ಒಂದ ದಿನದಾಗ ಸ್ಕೂಬಾ ಮಾಡಿ ಬಂದಾರ. ನಾನೂ ಹಂಗ ಹೋಗಿ ಬಂದ್ರ ಸಾಕೋ, ಇಲ್ಲಾ ಕೋರ್ಸ್ ಅಂತಾರಲ್ಲ, ಅದನ್ನ ಮಾಡಬೇಕೋ? ಈಸು ಬರೋರಿಗೆ ಅಲ್ಲೆ ಕಲಿಯೂದರೆ ಏನಿರ್ತದ?

ಉತ್ತರ: ಕೋರ್ಸ್ ಮಾಡಿ. ನೀವು ಬಾವಿಯಲ್ಲಿ ಈಸಿ ಬೆಳೆದವರು ಎಂಬ ಕಾರಣಕ್ಕೇ ಇದನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ. ನೀರಿನ ಹೆದರಿಕೆ ಇಲ್ಲದಿರುವುದು ದೊಡ್ಡ ಬಂಡವಾಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾವಿ ನಿಮಗೆ ಕಲಿಸಿದ ಮೊದಲ ಪಾಠ ದಮ್ಮು ಹಿಡಿಯುವುದು. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದ ಮೇಲೆ ಮಾಡಲೇಬಾರದ ಮೊದಲ ಕೆಲಸವೂ ಅದೇ.

ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದಂತೆ ಒತ್ತಡ ಒಂದೊಂದು ವಾತಾವರಣದಷ್ಟು, ಅಂದರೆ ದಂಡೆಯ ಮೇಲಿನ ಗಾಳಿಯ ಒತ್ತಡದಷ್ಟು, ಹೆಚ್ಚುತ್ತದೆ. ದಂಡೆಯ ಮೇಲೆ ಒಂದಿದ್ದದ್ದು 10 ಮೀಟರಿಗೆ ಎರಡಾಗುತ್ತದೆ, 20ಕ್ಕೆ ಮೂರು. ಬಾವಿಯಲ್ಲಿ ನೀವು ಮೇಲೆ ಉಸಿರು ತುಂಬಿಕೊಂಡು ಮುಳುಗುತ್ತೀರಿ. ಕೆಳಗೆ ಹೋದಂತೆ ಎದೆಯೊಳಗಿನ ಗಾಳಿ ಒತ್ತಿಕೊಂಡು ಸಣ್ಣದಾಗುತ್ತದೆ, ಮೇಲೆ ಬಂದಾಗ ಮತ್ತೆ ಮೊದಲಿನಷ್ಟೇ ಆಗುತ್ತದೆ. ಮೊದಲಿಗಿಂತ ಹೆಚ್ಚು ಹಿಗ್ಗುವ ಪ್ರಶ್ನೆಯೇ ಬರುವುದಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ನಿಂತು ರೆಗ್ಯುಲೇಟರಿನಿಂದ, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನದಿಂದ, ನೀವು ಎಳೆದುಕೊಳ್ಳುವ ಗಾಳಿ ಅಲ್ಲಿನ ಒತ್ತಡದ್ದು. ಅದನ್ನು ಎದೆ ತುಂಬ ತುಂಬಿಕೊಂಡು, ಹಳೆಯ ರೂಢಿಯಂತೆ ಬಾಯಿ ಬಿಗಿಹಿಡಿದು ಮೇಲೆದ್ದರೆ ಅದೇ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಹಿಗ್ಗಲು ಜಾಗವಿಲ್ಲದೆ ಪುಪ್ಪಸ (ಶ್ವಾಸಕೋಶ) ಹರಿದುಹೋಗಬಹುದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ಭಾರಿ ಆಳವೂ ಬೇಕಿಲ್ಲ. ಎರಡು ಮೀಟರಿಗಿಂತ ಕಡಿಮೆ ಆಳದಿಂದ ದಮ್ಮು ಹಿಡಿದು ಎದ್ದವರಿಗೂ ಪೆಟ್ಟಾಗಿದೆ. ಅದಕ್ಕೇ ತರಬೇತಿಯ ಮೊದಲ ದಿನ ಕಲಿಸುವ ನಿಯಮ ಒಂದೇ: ಉಸಿರಾಟ ನಿಲ್ಲಿಸಬೇಡಿ. ರೆಗ್ಯುಲೇಟರ್ ಬಾಯಿಂದ ಜಾರಿದ್ದರೂ ತುಟಿಯ ಸಂದಿಯಿಂದ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು.

ಕೇಳಿದರೆ ಸುಲಭ ಎನಿಸುತ್ತದೆ. ಆದರೆ ಹತ್ತು ವರ್ಷ ಬಾವಿಯಲ್ಲಿ ಬೆಳೆಸಿಕೊಂಡ ರೂಢಿ ಗಾಬರಿಯ ಕ್ಷಣದಲ್ಲಿ ತಾನೇ ಮುಂದೆ ಬರುತ್ತದೆ. ಕಣ್ಣು-ಮೂಗು ಮುಚ್ಚುವ ಮಾಸ್ಕಿನೊಳಗೆ ಒಂದಿಷ್ಟು ನೀರು ನುಗ್ಗಿತು ಎಂದುಕೊಳ್ಳಿ. ಚೆನ್ನಾಗಿ ಈಸಬಲ್ಲವನು ಮಾಡುವ ಮೊದಲ ಕೆಲಸ ಉಸಿರು ಕಟ್ಟುವುದು, ಎರಡನೆಯದು ಮೇಲಕ್ಕೆ ಒದೆಯುವುದು. ಈಸು ಬಾರದವನು ಬೋಧಕರ ಕೈ ಹಿಡಿದುಕೊಂಡಾದರೂ ನಿಂತಿರುತ್ತಾನೆ. ಈ ರೂಢಿ ತಪ್ಪಿಸಲು ಒಂದು ಮುಂಜಾನೆಯ ತಿಳಿವಳಿಕೆ ಸಾಲದು. ಕೊಳದಲ್ಲಿ ಮಾಸ್ಕ್ ಪೂರ್ತಿ ತೆಗೆದು, ಕಣ್ಣು ಮುಚ್ಚಿಕೊಂಡು, ಬಾಯಿಂದ ಉಸಿರಾಡುತ್ತಲೇ ಮತ್ತೆ ಹಾಕಿಕೊಂಡು, ಮೂಗಿನಿಂದ ಗಾಳಿ ಊದಿ ನೀರು ಹೊರಹಾಕುವುದನ್ನು ಮತ್ತೆ ಮತ್ತೆ ಮಾಡಬೇಕು. ಕೋರ್ಸಿನ ಬೆಲೆ ಇರುವುದು ಇಲ್ಲಿ, ಕೊನೆಗೆ ಕೊಡುವ ಕಾರ್ಡಿನಲ್ಲಲ್ಲ.

ಕೈಕಾಲಿನದೂ ಅದೇ ಕಥೆ. ಬಾವಿಯಲ್ಲಿ ನಾವು ಕೈ ಬಡಿಯುತ್ತೇವೆ, ಮೊಣಕಾಲು ಮಡಚಿ ಒದೆಯುತ್ತೇವೆ. ಪಾದಕ್ಕೆ ಫಿನ್ (ಈಜುರೆಕ್ಕೆ) ಹಾಕಿದ ಮೇಲೆ ಒದೆತ ತೊಡೆಯಿಂದ ಬರಬೇಕು, ನಿಧಾನವಾಗಿ. ಕೈಗಳನ್ನು ಎದೆಯ ಹತ್ತಿರ ಸುಮ್ಮನೆ ಇಟ್ಟುಕೊಳ್ಳಬೇಕು. ಕೈ ಬಡಿದಷ್ಟೂ ಗಾಳಿ ಬೇಗ ಮುಗಿಯುತ್ತದೆ, ಹವಳಕ್ಕೂ ಏಟು ಬೀಳುತ್ತದೆ.

ನಿಮ್ಮ ಗೆಳೆಯರು ಮಾಡಿದ್ದು ಪರಿಚಯದ ಡೈವ್. ಅದು ತಪ್ಪಲ್ಲ. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪಾಡಿಯ ನಿಯಮದಲ್ಲಿ ಅದರ ಆಳದ ಮಿತಿ 12 ಮೀಟರ್. ಬೋಧಕರು ಪಕ್ಕದಲ್ಲೇ ಇರುತ್ತಾರೆ, ನಿಮ್ಮ ಗಾಳಿ, ಆಳ, ತೇಲುವಿಕೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಮೀನು ನೋಡಿ ಬರಲು ಅಷ್ಟು ಸಾಕು. ಆದರೆ ನಿಮ್ಮ ಜೀವ ಪೂರ್ತಿ ಇನ್ನೊಬ್ಬರ ಕೈಯಲ್ಲಿರುತ್ತದೆ, ಹಾಗಾಗಿ ಆ ಇನ್ನೊಬ್ಬರು ಎಂಥವರು ಎಂಬುದನ್ನು ನೋಡಬೇಕು. ಇಳಿಯುವ ಮೊದಲು ಆರೋಗ್ಯದ ಪ್ರಶ್ನೆಪತ್ರ ಕೊಡದವರ ದೋಣಿ ಹತ್ತಬೇಡಿ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ರೋಗ, ಕಿವಿ ಸೋರುವುದು, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಎಂದರೆ ವೈದ್ಯರ ಸಹಿ ಬೇಕು. ಗರ್ಭಿಣಿಯರು ಇಳಿಯಲೇಬಾರದು. ಇಷ್ಟು ದೂರ ಬಂದಿದ್ದೇವಲ್ಲ ಎಂದು ‘ಇಲ್ಲ’ ಬರೆದು ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದೂ ಕೇಳಿ. ಬೆನ್ನಿಗೆ ಕಟ್ಟುವುದು ಸಾಮಾನ್ಯ ಗಾಳಿಯನ್ನೇ ಒತ್ತಿ ತುಂಬಿದ ಸಿಲಿಂಡರ್. ಶುದ್ಧ ಆಮ್ಲಜನಕ ಬೇರೆಯೇ ಇರಬೇಕು, ಅದು ಅವಘಡವಾದಾಗ ಕೊಡುವ ಪ್ರಥಮ ಚಿಕಿತ್ಸೆ.

ಇನ್ನು ಕೋರ್ಸ್. ಮೊದಲ ಹಂತಕ್ಕೆ ಓಪನ್ ವಾಟರ್ ಡೈವರ್ ಎನ್ನುತ್ತಾರೆ. ಪಾಡಿ, ಎಸ್‌ಎಸ್‌ಐ ಎಂಬ ಎರಡೂ ತರಬೇತಿ ಸಂಸ್ಥೆಗಳಲ್ಲಿ ಹೆಸರು, ಸ್ವರೂಪ ಬಹುತೇಕ ಒಂದೇ. ಮೂರು ಭಾಗವಿರುತ್ತದೆ: ಮನೆಯಲ್ಲೇ ಕುಳಿತು ಓದಬಹುದಾದ ಪಾಠ, ಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಸಾಮಾನ್ಯವಾಗಿ ಮೂರು-ನಾಲ್ಕು ದಿನ ಹಿಡಿಯುತ್ತದೆ. ಮುಗಿಸಿದವರು ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಹೋಗಬಹುದು. ಮಕ್ಕಳಿಗೆ 10 ವರ್ಷ ತುಂಬಿರಬೇಕು, 10-11ರ ವಯಸ್ಸಿನವರಿಗೆ ಮಿತಿ 12 ಮೀಟರ್. ಖರ್ಚು ಒಂದು ದಿನದ ಡೈವಿನ ಹಲವು ಪಟ್ಟು ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಈಜಿನ ಪರೀಕ್ಷೆಯೂ ಇದೆ. ನಿಲ್ಲದೆ 200 ಮೀಟರ್ ಈಸಬೇಕು, ಸಮಯದ ಗಡುವಿಲ್ಲ. ಆಮೇಲೆ ಏನನ್ನೂ ಹಿಡಿಯದೆ 10 ನಿಮಿಷ ತೇಲಬೇಕು. ಇಲ್ಲಿ ಬಾವಿಯವರು ತೊಡಕಿಗೆ ಬೀಳುತ್ತಾರೆ. ಬಾವಿಯಲ್ಲಿ ನಾಲ್ಕು ಕೈ ಬಡಿದರೆ ಎದುರಿನ ಗೋಡೆ ಸಿಗುತ್ತದೆ, ಒಂದೇ ಸಮನೆ 200 ಮೀಟರ್ ಈಸುವ ಸಂದರ್ಭವೇ ಬಂದಿರುವುದಿಲ್ಲ. ಬೆಳಗಾವಿಯವರಿಗೆ ಗೋವಾವೇಸ್ ಕೊಳವೋ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ದೊಡ್ಡ ಕೊಳವೋ ಇದೆ. ಬಾಗಲಕೋಟೆ, ವಿಜಯಪುರದವರು ಹತ್ತಿರದ ಯಾವ ಕೊಳವಾದರೂ ಸರಿ, 25 ಮೀಟರಿನದಾದರೆ ಎಂಟು ಸಲ ದಾಟುವುದನ್ನು ರೂಢಿ ಮಾಡಿಕೊಳ್ಳಿ. ವೇಗ ಬೇಡ, ಏದುಸಿರು ಬರದಂತೆ ಮುಗಿಸಿದರೆ ಸಾಕು. ಹೊಳೆಯಲ್ಲಿ ಅಭ್ಯಾಸ ಮಾಡುತ್ತೇನೆ ಎನ್ನಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಬ್ಯಾರೇಜಿನ ಸೆಳವು ಮೇಲಿನಿಂದ ಕಾಣುವುದಿಲ್ಲ, ಕೆಸರು ನೀರಿನಲ್ಲಿ ಚಾಚಿದ ಕೈಯೂ ಕಾಣದು.

ಬಾವಿಯ ಬಗ್ಗೆಯೇ ಇನ್ನೊಂದು ಮಾತು, ಇದು ಸ್ಕೂಬಾಕ್ಕೆ ಹೋಗದವರಿಗೂ ಬೇಕಾದದ್ದು. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂಥಕ್ಕೆ ಬಿದ್ದು, ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುವ ಹುಡುಗರಿದ್ದಾರೆ. ಇದರಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ಉಸಿರು ಬೇಕು ಎಂದು ದೇಹಕ್ಕೆ ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಇಳಿದುಬಿಡುತ್ತದೆ. ಯಾವ ಸೂಚನೆಯೂ ಇಲ್ಲದೆ ನೀರಿನೊಳಗೇ ಎಚ್ಚರ ತಪ್ಪುತ್ತದೆ. ನಿಮ್ಮೂರಿನ ಹುಡುಗರಿಗೆ ಇದನ್ನು ಹೇಳಿ.

ಸ್ನಾರ್ಕೆಲ್ ಎಂಬ ಉಸಿರಾಟದ ನಳಿಗೆ ಎಲ್ಲಿ ಬರುತ್ತದೆ ಎಂದರೆ, ಕೋರ್ಸಿಗೂ ಮೊದಲು. ಮುಖ ನೀರಿನಲ್ಲಿಟ್ಟು ನಳಿಗೆಯಿಂದ ಬಾಯಲ್ಲೇ ಉಸಿರಾಡುವ ಅಭ್ಯಾಸ ಮುಂದಿನ ಎಲ್ಲಕ್ಕೂ ತಳಪಾಯ, ಅದನ್ನು ಊರಿನ ಕೊಳದಲ್ಲೇ ಶುರುಮಾಡಬಹುದು. ನಳಿಗೆ ಒಂದು ಮೊಳಕ್ಕೂ ಕಡಿಮೆ ಏಕಿರುತ್ತದೆ, ಉದ್ದ ಮಾಡಿದರೆ ಆಳಕ್ಕೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಲಾಗದು. ಒಂದು ಮೀಟರ್ ಕೆಳಗೆ ಹೋದರೂ ಎದೆಯ ಮೇಲೆ ಬೀಳುವ ನೀರಿನ ಒತ್ತಡಕ್ಕೆ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಪಕ್ಕೆಲುಬಿನ ಸ್ನಾಯುಗಳಿಗೆ ಶಕ್ತಿ ಸಾಲುವುದಿಲ್ಲ, ಬಿಟ್ಟ ಉಸಿರೂ ನಳಿಗೆಯಲ್ಲೇ ಉಳಿದು ಮತ್ತೆ ಒಳಬರುತ್ತದೆ. ಈಜಿನ ಕನ್ನಡಕ ಇದಕ್ಕೆ ಆಗದು, ಮೂಗನ್ನೂ ಮುಚ್ಚುವ ಮಾಸ್ಕೇ ಬೇಕು. ಆಳಕ್ಕೆ ಹೋದಾಗ ಮಾಸ್ಕಿನೊಳಗೆ ಮೂಗಿನಿಂದ ಗಾಳಿ ಬಿಟ್ಟು ಒತ್ತಡ ಸರಿಮಾಡದಿದ್ದರೆ ಕಣ್ಣಿನ ಸುತ್ತ ರಕ್ತ ಕಟ್ಟುತ್ತದೆ. ನಮ್ಮ ಕಡೆಯ ದಪ್ಪ ಮೀಸೆಯವರಿಗೆ ಮಾಸ್ಕ್ ಸೋರುತ್ತದೆ. ಮೂಗಿನ ಕೆಳಗೆ ಒಂದು ಸಣ್ಣ ಗೆರೆಯಷ್ಟು ಕತ್ತರಿಸಿಕೊಂಡರೆ ಸಾಕು, ಮೀಸೆ ತೆಗೆಯಬೇಕಿಲ್ಲ. ಚಾಳೀಸು ಹಾಕುವವರಿಗೆ ನಂಬರಿನ ಮಾಸ್ಕ್ ಸಿಗುತ್ತದೆ. ಬಟ್ಟೆಯ ಸಂಕೋಚದಿಂದ ಹಿಂದೆ ಸರಿಯುವ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬರಬಹುದು. ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ವೆಟ್‌ಸೂಟ್ ಸಿಗುತ್ತದೆ.

ಕಿವಿಯ ವಿಷಯ ನಿಮಗೆ ಗೊತ್ತೇ ಇದೆ. ತಳ ಮುಟ್ಟುವಾಗ ಕಿವಿ ನೋಯುತ್ತದೆ, ಬಾವಿಯಲ್ಲಿ ಅದನ್ನು ತಡೆದುಕೊಳ್ಳುವುದೇ ಗಂಡಸ್ತನ ಎನ್ನುತ್ತಾರೆ. ಸ್ಕೂಬಾದಲ್ಲಿ ನೋವು ಬಂತೆಂದರೆ ಆಗಲೇ ತಡವಾಗಿದೆ. ಇಳಿಯಲು ಶುರುಮಾಡಿದ ಕೂಡಲೇ, ನೋವಿಗೆ ಮೊದಲೇ, ಮೂಗು ಹಿಡಿದು ಮೆಲ್ಲಗೆ ಊದಬೇಕು, ಒಂದೊಂದು ಮೀಟರಿಗೂ ಊದುತ್ತಿರಬೇಕು. ಸರಿಹೋಗದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೆಗಡಿಯಿದ್ದ ದಿನ ಇಳಿಯಬಾರದು. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರಿನಡಿ ಇಳಿದುಹೋಗಿ, ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು.

ಎಲ್ಲಿಗೆ ಹೋಗಬೇಕು? ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ, ಮುಂದೆ ಮಾಲವಣ. ಅದರ ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆಯಿದೆ, ಅಭ್ಯಾಸಕ್ಕೆ ಆಳವಾದ ಕೊಳವೂ ಇದೆ. ಸಿಂಧುದುರ್ಗ ಕೋಟೆಯ ಸುತ್ತಲ ನೀರು ಸ್ನಾರ್ಕೆಲ್‌ಗೆ ಒಳ್ಳೆಯದು. ಬಾಗಲಕೋಟೆ, ವಿಜಯಪುರದವರಿಗೆ ಹುಬ್ಬಳ್ಳಿ ಮೇಲೆ ಹಾದು ಮುರುಡೇಶ್ವರ ಸಲೀಸು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿ ಹೋಗುತ್ತದೆ, ನಮ್ಮ ರಾಜ್ಯದ ಅತ್ಯುತ್ತಮ ಡೈವಿಂಗ್ ಜಾಗ ಅದೇ. ಆ ದೋಣಿಯ ಓಲಾಟವೇ ಒಳನಾಡಿನವರಿಗೆ ದೊಡ್ಡ ಪರೀಕ್ಷೆ. ಹಿಂದಿನ ರಾತ್ರಿ ಮಿರ್ಚಿ-ಗಿರ್ಮಿಟ್ ಬಿಡಿ, ಮದ್ಯ ಖಂಡಿತ ಬೇಡ. ಬೆಳಿಗ್ಗೆ ಹಗುರವಾಗಿ ತಿಂದು, ದೋಣಿಯಲ್ಲಿ ದೂರದ ದಿಗಂತ ನೋಡುತ್ತ ಕೂತುಕೊಳ್ಳಿ.

ಈಗ ನಮ್ಮ ಕಡೆಯವರಿಗೆಂದೇ ಹೇಳಬೇಕಾದ ಮಾತು. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂಬುದು ಅನೇಕರಿಗೆ ಗೊತ್ತು. ಒತ್ತಡದಲ್ಲಿ ರಕ್ತ-ಮಾಂಸಕ್ಕೆ ಕರಗಿ ಸೇರಿದ ನೈಟ್ರೋಜನ್ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದಂತೆ ಅದು ಗುಳ್ಳೆಯಾಗಿ ಏಳಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹಲವು ಡೈವ್ ಆಗಿದ್ದರೆ 18 ತಾಸು ಕಾಯಬೇಕೆಂದು ಡೈವ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಈ ಸಲಹೆ ಸುಮಾರು 600 ಮೀಟರಿಗಿಂತ ಹೆಚ್ಚಿನ ಎತ್ತರಕ್ಕೆ ಅನ್ವಯಿಸುತ್ತದೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ! ನಮಗೆ ಮನೆಗೆ ಹೋಗುವುದೇ ಎತ್ತರಕ್ಕೆ ಹೋಗುವುದು. ಬಾಗಲಕೋಟೆ ಇದಕ್ಕಿಂತ ಕೆಳಗಿದೆ ನಿಜ, ಆದರೆ ನಿಮ್ಮ ದಾರಿ ಘಟ್ಟ ಹತ್ತಿ, 600 ಮೀಟರ್ ಮೀರಿದ ಹುಬ್ಬಳ್ಳಿಯನ್ನು ದಾಟಿಯೇ ಹೋಗಬೇಕು. ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯೇ ಗಾಡಿ ಹತ್ತುವ ಯೋಜನೆ ಬೇಡ. ಆ ರಾತ್ರಿ ಸಮುದ್ರದ ದಂಡೆಯಲ್ಲೇ ಮಲಗಿ. ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದಿದ್ದರೆ ಮರುದಿನ ಬೆಳಿಗ್ಗೆ 6ಕ್ಕೆ 18 ತಾಸು ತುಂಬುತ್ತದೆ. ಪರಿಚಯದ ಡೈವಿಗೆ ಹೋಗುವವರೂ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಹಿಂತಿರುಗಿದ ಮೇಲೆ ಕೀಲುನೋವು, ಕೈಕಾಲು ಜೋಮು, ವಿಪರೀತ ಸುಸ್ತು ಕಂಡರೆ ದಣಿವು ಎಂದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಸ್ಕೂಬಾ ಮಾಡಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಸಮುದ್ರದಲ್ಲಿ ಡೈವಿಂಗ್ ನಿಂತಿರುತ್ತದೆ. ಆ ತಿಂಗಳುಗಳು ಕೊಳದಲ್ಲಿ 200 ಮೀಟರ್ ಗಟ್ಟಿಮಾಡಿಕೊಳ್ಳಲು, ಪಾಠ ಓದಿ ಮುಗಿಸಲು ಸಿಗುತ್ತವೆ. ಡಿಸೆಂಬರ್ ಹೊತ್ತಿಗೆ ನೀರು ತಿಳಿಯಾಗಿರುತ್ತದೆ, ಆಗ ಕೋರ್ಸಿಗೆ ದಿನ ಗೊತ್ತುಮಾಡಿ. ಹಣ ಕಟ್ಟುವ ಮೊದಲು ಬೋಧಕರ ಸದಸ್ಯತ್ವದ ಸಂಖ್ಯೆ ಕೇಳಿ ಪಡೆಯಿರಿ, ಅದು ಚಾಲ್ತಿಯಲ್ಲಿದೆಯೇ ಎಂದು ಆಯಾ ಸಂಸ್ಥೆಯ ಜಾಲತಾಣದಲ್ಲೇ ನೋಡಬಹುದು. ಒಬ್ಬ ಬೋಧಕರಿಗೆ ಎಷ್ಟು ಜನ ಕಲಿಯುವವರು ಎಂದೂ ಕೇಳಿ. ಕೋರ್ಸಿನ ಸಮುದ್ರದ ಡೈವಿಗೆ ಪಾಡಿಯ ಮಿತಿ ಎಂಟು. ನನ್ನನ್ನು ಕೇಳಿದರೆ, ದಮ್ಮು ಹಿಡಿಯುವ ರೂಢಿ ಬಿಡಬೇಕಾದ ನಿಮ್ಮಂಥವರಿಗೆ ನಾಲ್ಕು ಜನರಿಗಿಂತ ಹೆಚ್ಚಿಲ್ಲದ ತಂಡ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಎರಡು ಸಾವಿರ ಹೆಚ್ಚಾದರೂ ಸರಿ.