ಸಿಟಿ ಸ್ಕ್ಯಾನ್ ನಾರ್ಮಲ್ ಇದ್ದರೂ ಕಾಕಾ ಯಾಕೆ ಕಣ್ಣು ಬಿಡುತ್ತಿಲ್ಲ?

ಪ್ರಶ್ನೆ: ನಮ್ಮ ಕಾಕಾನ ಹೃದಯ ಮನೆಯಲ್ಲೇ ನಿಂತಿತ್ತು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಮತ್ತೆ ಬಡಿಯುವಂತೆ ಮಾಡಿದರು. ಅವತ್ತೇ ತೆಗೆದ ತಲೆಯ ಸಿಟಿ ನಾರ್ಮಲ್. ಎರಡು ದಿನವಾದರೂ ಎಚ್ಚರವಿಲ್ಲ. ಈಗ ಎಂಆರ್‌ಐ ಬೇಕು ಅಂತಾರೆ. ಯಾಕೆ?
– ಜಮಖಂಡಿಯ ಓದುಗರು

ಮೊದಲ ದಿನದ ಸಿಟಿ ನಾರ್ಮಲ್ ಅಂದ ಮಾತ್ರಕ್ಕೆ ಮೆದುಳಿಗೆ ಏನೂ ಆಗಿಲ್ಲ ಅಂತ ಅಲ್ಲ. ಇದನ್ನು ಮನೆಯವರಿಗೆಲ್ಲ ಈಗಲೇ ಹೇಳಿಬಿಡಿ.

ಹೃದಯ ನಿಂತರೆ ಮೆದುಳಿಗೆ ರಕ್ತ ಹೋಗುವುದಿಲ್ಲ. ನಾಲ್ಕೈದು ನಿಮಿಷದಲ್ಲೇ ಜೀವಕೋಶಗಳಿಗೆ ಪೆಟ್ಟು ಬೀಳತೊಡಗುತ್ತದೆ. ಆದರೆ ಆ ಪೆಟ್ಟು ಚಿತ್ರದಲ್ಲಿ ಕಾಣಲು ಹೊತ್ತು ಬೇಕು. ಆರೋಗ್ಯವಂತ ಮೆದುಳಿನ ಸಿಟಿಯಲ್ಲಿ ಬೂದು ಭಾಗ, ಬಿಳಿ ಭಾಗ ಬೇರೆಬೇರೆಯಾಗಿ ಕಾಣುತ್ತವೆ. ಮೆದುಳು ಬಾತುಕೊಂಡರೆ ಆ ವ್ಯತ್ಯಾಸ ಅಳಿಸುತ್ತಾ ಹೋಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಬಾವು ಇನ್ನೂ ಬಂದಿರದೇ ಇರಬಹುದು. ಹಾಗಂತ ಅವತ್ತಿನ ಸಿಟಿ ದಂಡವಾಗಲಿಲ್ಲ. ತಲೆಯೊಳಗೆ ರಕ್ತಸ್ರಾವವಾಗಿಯೂ ಹೃದಯ ನಿಲ್ಲುವುದುಂಟು. ಅದು ಅಲ್ಲ ಅಂತ ಗೊತ್ತಾಯಿತಲ್ವಾ?

ಎಂಆರ್‌ಐನಲ್ಲಿ ಡಿಫ್ಯೂಷನ್ ಎಂಬ ಒಂದು ಬಗೆಯ ಚಿತ್ರ ತೆಗೆಯುತ್ತಾರೆ. ಪೆಟ್ಟು ತಿಂದ ಜೀವಕೋಶ ನೀರು ತುಂಬಿ ಊದುತ್ತದೆ. ಅಲ್ಲಿ ನೀರಿನ ಓಡಾಟ ಕಡಿಮೆಯಾಗಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಸರಿಯಾದ ಸಮಯ 2ರಿಂದ 7ನೇ ದಿನ. ತೀರಾ ತಡವಾದರೆ ಆ ಬಿಳುಪು ಮಾಸಿ, ಪೆಟ್ಟು ಇದ್ದರೂ ಇಲ್ಲದಂತೆ ಕಾಣಬಹುದು.

ಇನ್ನು, ಎಂಆರ್‌ಐ ಕೆಟ್ಟದಾಗಿ ಬಂದರೂ ಅದೊಂದನ್ನೇ ನೋಡಿ ಕೈಬಿಡಬೇಡಿ. ಈ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. 2021ರ ಯುರೋಪಿನ ಮಾರ್ಗಸೂಚಿ ಕನಿಷ್ಠ 72 ಗಂಟೆ ಕಾಯಲು ಹೇಳುತ್ತದೆ. ಆಮೇಲೂ ರೋಗಿಗೆ ಎಚ್ಚರವಿಲ್ಲದಿದ್ದರೆ, ಕನಿಷ್ಠ ಎರಡು ಕೆಟ್ಟ ಲಕ್ಷಣ ಕೂಡಿ ಬಂದಾಗ ಮಾತ್ರ ಚೇತರಿಕೆ ಕಷ್ಟ ಅನ್ನುತ್ತದೆ. ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತದೆಯೇ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಹೇಗಿದೆ, ಪೆಟ್ಟು ತಿಂದ ನರಕೋಶಗಳಿಂದ ಸೋರುವ ಎನ್‌ಎಸ್‌ಇ ಎಂಬ ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ, ಸ್ಕ್ಯಾನ್ ಏನು ಹೇಳುತ್ತದೆ, ಎಲ್ಲವನ್ನೂ ಜೊತೆಗಿಟ್ಟು ನೋಡಬೇಕು.

ನಿದ್ದೆ ಬರಿಸುವ ಔಷಧಿ ನಿಲ್ಲಿಸಿ ಎಷ್ಟು ಹೊತ್ತಾಯಿತು ಅಂತ ಡಾಕ್ಟರನ್ನು ಕೇಳಿ. ಕಿಡ್ನಿ, ಲಿವರ್ ಸೋತಿದ್ದರೆ ಆ ಔಷಧಿಯ ಮಂಪರು ಜಾಸ್ತಿ ಹೊತ್ತು ಉಳಿಯುತ್ತದೆ.

ಎಂಆರ್‌ಐಗಾಗಿ ವಿಜಯಪುರಕ್ಕೋ ಬೆಳಗಾವಿಗೋ ಒಯ್ಯಬೇಕಾದರೆ ಅವಸರ ಬೇಡ. ಬಿಪಿ ಏರುಪೇರಾಗುತ್ತಿದ್ದರೆ ದಾರಿಯೇ ಅಪಾಯ. ಎಂಆರ್‌ಐ ಯಂತ್ರ ಅಂದರೆ ದೊಡ್ಡ ಆಯಸ್ಕಾಂತ; ಆ ಕೋಣೆಯಲ್ಲಿ ನಡೆಯುವಂಥ ವೆಂಟಿಲೇಟರ್ (ಉಸಿರಾಟದ ಯಂತ್ರ) ಅಲ್ಲಿದೆಯೇ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕಾಕಾಗೆ ಪೇಸ್‌ಮೇಕರ್ ಹಾಕಿದ್ದರೆ ಅದನ್ನೂ ಆಗಲೇ ತಿಳಿಸಿ.