ತ್ಸೆಲ್ತಾಲ್ ಮಕ್ಕಳ ಮೊದಲ ಕ್ರಿಯಾಪದಗಳು

ಮಗುವಿನ ಬಾಯಿಗೆ ಮೊದಲು ಬರುವುದು ವಸ್ತುಗಳ ಹೆಸರೋ, ಕ್ರಿಯಾಪದವೋ ಎಂಬ ಚರ್ಚೆ ಈಗ ತೀರಾ ಗೋಜಲಾಗಿದೆ. 1962ರಲ್ಲಿ ಹಾರ್ವರ್ಡ್‌ನ ಮನೋವಿಜ್ಞಾನಿ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನು ದಾಖಲಿಸತೊಡಗಿದರು. ಮುಂದಿನ ಎರಡು ದಶಕಗಳಲ್ಲಿ ಬೇರೆ ಭಾಷೆಗಳೂ ಸೇರಿಕೊಂಡವು. 1982ರಲ್ಲಿ ಮನೋವಿಜ್ಞಾನಿ ಡೀಡ್ರಾ ಗೆಂಟ್ನರ್, ಹೆಸರೇ ಮೊದಲು ಎಂದು ವಾದಿಸಿದರು. ಚೆಂಡು, ನಾಯಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತವೆ. ನಡೆದ ಘಟನೆಯನ್ನು ಹೇಗೆ ತುಂಡರಿಸಿ ಹೇಳಬೇಕೆಂಬುದನ್ನು ಮಾತ್ರ ಆಯಾ ಭಾಷೆಯಿಂದಲೇ ಕಲಿಯಬೇಕು.

ಈ ವಾದ ತಡವರಿಸಿದ್ದು ಮೆಕ್ಸಿಕೋದ ಚಿಯಾಪಾಸ್ ಗುಡ್ಡಗಾಡಿನಲ್ಲಿ. ಅಲ್ಲಿನ ತೆನೆಹಾಪಾ ಪ್ರದೇಶದ ಮಾಯಾ ಮೂಲನಿವಾಸಿಗಳು ಆಡುವ ತ್ಸೆಲ್ತಾಲ್ ಭಾಷೆಯ ಮಕ್ಕಳು ಕ್ರಿಯಾಪದಗಳನ್ನು ಬಹಳ ಬೇಗ ಬಳಸುತ್ತಾರೆಂದು ಭಾಷಾ ಸಂಶೋಧಕಿ ಪೆನೆಲೊಪಿ ಬ್ರೌನ್ 1998ರಲ್ಲಿ ತೋರಿಸಿದರು. ನಾವು ಅನ್ನ ಉಣ್ಣುತ್ತೇವೆ, ದೋಸೆ ತಿನ್ನುತ್ತೇವೆ. ತ್ಸೆಲ್ತಾಲ್ ಇನ್ನೂ ಮುಂದೆ ಹೋಗುತ್ತದೆ: ಮೆಕ್ಕೆಜೋಳದ ರೊಟ್ಟಿ ತಿನ್ನುವುದಕ್ಕೆ ಒಂದು ಕ್ರಿಯಾಪದ, ಮಾಂಸಕ್ಕೆ ಇನ್ನೊಂದು, ಬಾಳೆಹಣ್ಣಿನಂಥ ಮೆತ್ತನೆಯದಕ್ಕೆ ಮತ್ತೊಂದು, ಹುರುಳಿಕಾಳಿನಂಥದಕ್ಕೆ ಬೇರೆಯೇ. ತಿಂದದ್ದು ಏನೆಂದು ಕ್ರಿಯಾಪದವೇ ಸೂಚಿಸುವುದರಿಂದ ಹೆಸರನ್ನು ಬಿಟ್ಟರೂ ನಡೆಯುತ್ತದೆ. ಮೇಲಾಗಿ, ಒಬ್ಬರು ಆಡಿದ ಕ್ರಿಯಾಪದವನ್ನೇ ಇನ್ನೊಬ್ಬರು ಮರುನುಡಿದು ಉತ್ತರಿಸುವುದು ಅಲ್ಲಿನ ರೂಢಿ. “ಬಂದೆಯಾ?” ಎಂದರೆ “ಬಂದೆ” ಎನ್ನುವ ನಮಗೆ ಇದು ಹೊಸದೇನಲ್ಲ. ಹೀಗೆ ಮಗುವಿನ ಕಿವಿಗೆ ಕ್ರಿಯಾಪದ ಮತ್ತೆ ಮತ್ತೆ, ಒಂಟಿಯಾಗಿ ಬೀಳುತ್ತದೆ. ಹೆಸರು ಸುಲಭ, ಕ್ರಿಯೆ ಕಷ್ಟ ಎಂಬುದು ಎಲ್ಲ ಮಕ್ಕಳಿಗೂ ಒಪ್ಪುವ ಅಳತೆಯಲ್ಲ ಎಂದು ಒಪ್ಪಲು ಇಷ್ಟು ಸಾಲದೇ?

ಆಮೇಲೆ ಪ್ರಶ್ನೆಯೇ ಹೊರಳಿತು: ಯಾವ ಪದ ಮೊದಲು ಎಂಬುದರಿಂದ, ಮಗುವಿನೊಡನೆ ಎಷ್ಟು ಮಾತಾಡಬೇಕು ಎಂಬುದಕ್ಕೆ. ಮಗುವಿನೊಡನೆ ಸದಾ ಮಾತಾಡುತ್ತಿರಬೇಕೆಂಬ ಸಲಹೆ ಎಲ್ಲೆಡೆ ಹಬ್ಬಿದ್ದ ಕಾಲದಲ್ಲಿ, 2020ರಲ್ಲಿ, ಸಂಶೋಧಕಿ ಮರಿಸಾ ಕಸಿಯಾಸ್ ಮತ್ತು ಸಂಗಡಿಗರು 10 ತ್ಸೆಲ್ತಾಲ್ ಮಕ್ಕಳ ಇಡೀ ದಿನದ ಧ್ವನಿಮುದ್ರಣಗಳಿಂದ ಆಯ್ದ ಭಾಗಗಳನ್ನು ಅಳೆದು ನೋಡಿದರು. ಮಗುವನ್ನೇ ಉದ್ದೇಶಿಸಿ ಆಡಿದ ಮಾತು ಗಂಟೆಗೆ ಸರಾಸರಿ ನಾಲ್ಕು ನಿಮಿಷವೂ ಇರಲಿಲ್ಲ. ಆದರೂ ತೊದಲು, ಮೊದಲ ಪದ, ಪದಜೋಡಣೆ ಎಲ್ಲವೂ ಹೊತ್ತಿಗೆ ಸರಿಯಾಗಿಯೇ ಬಂದಿದ್ದವು.

ಇಂಥ ಅಧ್ಯಯನಕ್ಕೆ ಕಾಲಮಿತಿಯಿದೆ. ಅಳಿವಿನಂಚಿನ ಭಾಷೆಯ ಹಾಡು, ಕಥೆಯನ್ನಾದರೆ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಬಹುದು. ಎರಡು ವರ್ಷದ ಮಾತನ್ನು ಎರಡು ವರ್ಷದ ಮಗುವಿನಿಂದಲೇ ಕೇಳಬೇಕು. ಮನೆಯಲ್ಲಿ ಹಿರಿಯರು ಭಾಷೆ ಬದಲಿಸಿದ ಮೇಲೆ ಅದು ಸಿಗುವುದಿಲ್ಲ. ಮಕ್ಕಳ ಭಾಷಾಕಲಿಕೆಯ ಕ್ಷೇತ್ರದ ನಾಲ್ಕು ಮುಖ್ಯ ನಿಯತಕಾಲಿಕೆಗಳನ್ನು 2022ರಲ್ಲಿ ಲೆಕ್ಕ ಹಾಕಿದಾಗ, ಕನಿಷ್ಠ ಒಂದು ಲೇಖನವಾದರೂ ಬಂದಿದ್ದದ್ದು ಲೋಕದ ಭಾಷೆಗಳಲ್ಲಿ ಸುಮಾರು ಶೇ. 1.5ರಷ್ಟಕ್ಕೆ.