ಪದ ಪರಿಚಯ: ತೆರಪು ಕಾಡು

ಕಾಡು ಅಂದಕೂಡಲೇ ಕಣ್ಣು ಮೇಲಕ್ಕೆ ಹೋಗುತ್ತದೆ. ಮರ ಎಷ್ಟೆತ್ತರ, ಎಷ್ಟು ದಟ್ಟ ಎಂದು ಅಳೆಯುತ್ತೇವೆ. ಸಸ್ಯಶಾಸ್ತ್ರಜ್ಞರು ‘ವುಡ್‌ಲ್ಯಾಂಡ್’ ಎನ್ನುವ ಕಾಡು ಅರ್ಥವಾಗಬೇಕಾದರೆ ತಲೆ ತಗ್ಗಿಸಿ ನೆಲ ನೋಡಬೇಕು. ‘ಕುರುಚಲು ಕಾಡು’ ಅಂದರೆ ತಪ್ಪಾದೀತು, ಇಂಥ ಕಾಡಿನ ಪೈನ್ ಮರ 30 ಮೀಟರ್ ಬೆಳೆದಿರಲೂಬಹುದು. ಮರಗಳ ನೆತ್ತಿ ಒಂದಕ್ಕೊಂದು ಕೂಡದೆ ನಡುವೆ ತೆರಪು ಇರುತ್ತದೆ, ಹಾಗಾಗಿ ‘ತೆರಪು ಕಾಡು’ ಎನ್ನೋಣ.

ತೆರಪಿನಿಂದ ಬಿಸಿಲು ಇಳಿಯುತ್ತದೆ, ಬಿಸಿಲಿಗೆ ಹುಲ್ಲು, ಹೂಗಿಡಗಳು ಏಳುತ್ತವೆ. ಅಮೆರಿಕದ ಆಗ್ನೇಯ ಭಾಗದ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ ಮೇಲೆ ಹೆಚ್ಚುಕಡಿಮೆ ಒಂದೇ ಜಾತಿಯ ಮರ. ಕೆಳಗೆ, ಒಳ್ಳೆಯ ಜಾಗದಲ್ಲಾದರೆ, ಒಂದೇ ಚದರ ಮೀಟರಿನಲ್ಲಿ 40 ಬಗೆಯ ಸಸ್ಯಗಳು ಸಿಕ್ಕಾವು.

ಈ ತೆರಪನ್ನು ಕಾಯುವುದು ಬೆಂಕಿ. ಬೆಂಕಿ ಕಾಡಿನ ಶತ್ರು ಎಂದೇ ಓದಿಕೊಂಡು ಬಂದವರಿಗೆ ಇದನ್ನು ನಂಬುವುದು ಕಷ್ಟ, ನನಗೂ ಹಾಗೇ ಆಗಿತ್ತು. ಸಿಡಿಲು ಹೊತ್ತಿಸಿದ್ದೋ ಮೂಲನಿವಾಸಿಗಳು ಇಟ್ಟದ್ದೋ, ಕೆಲವೇ ವರ್ಷಗಳಿಗೊಮ್ಮೆ ಬೆಂಕಿ ನೆಲದ ಮೇಲೆ ಹಾದುಹೋಗಿ ಪೊದೆಗಳನ್ನು ಸುಡುತ್ತಿತ್ತು.

ಲಾಂಗ್‌ಲೀಫ್ ಸಸಿ ಇದಕ್ಕೆ ಹೊಂದಿಕೊಂಡಿರುವ ಬಗೆ ನೋಡಿ. ಮೊಳೆತ ಮೇಲೆ ಹಲವು ವರ್ಷ ಅದು ಎತ್ತರವೇ ಆಗುವುದಿಲ್ಲ. ನೆಲಕ್ಕಂಟಿದ ಸೂಜಿ ಎಲೆಗಳ ಗುಪ್ಪೆ. ಗೊತ್ತಿಲ್ಲದವರು ಹುಲ್ಲೆಂದೇ ದಾಟಿಹೋಗುತ್ತಾರೆ. ಈ ಅವಸ್ಥೆಗೆ ಹೆಸರೂ ‘ಹುಲ್ಲಿನ ಹಂತ’ ಎಂದೇ. ಬೆಂಕಿ ಬಂದರೆ ಹೊರಗಿನ ಸೂಜಿಗಳು ಉರಿದುಹೋಗುತ್ತವೆ, ನಡುವಿನ ಮೊಗ್ಗು ಉಳಿಯುತ್ತದೆ. ಅಷ್ಟರಲ್ಲಿ ತಾಯಿಬೇರು ಆಳಕ್ಕಿಳಿದಿರುತ್ತದೆ. ಆಮೇಲೆ ಸಸಿ ಸರಸರನೆ ಎದ್ದು, ಮುಂದಿನ ಬೆಂಕಿಗೆ ಸುಳಿ ಎಟುಕದಷ್ಟು ಎತ್ತರಕ್ಕೆ ಹೋಗಲು ನೋಡುತ್ತದೆ. ಜೊತೆಗಿರುವ ವೈರ್‌ಗ್ರಾಸ್ ಹುಲ್ಲು ಮೈತುಂಬ ಹೂ ಬಿಡುವುದೂ ಬೇಸಿಗೆಯಲ್ಲಿ ಸುಟ್ಟ ನಂತರವೇ.

ಓಕ್ ಮರದ ದಾರಿ ಬೇರೆ. ತೊಗಟೆ ದಪ್ಪ, ಮೇಲೆ ಸುಟ್ಟರೆ ಬುಡದಿಂದ ಚಿಗುರುತ್ತದೆ. ಉದುರಿದ ಎಲೆ ಒಣಗಿ ಸುರುಟಿಕೊಳ್ಳುತ್ತದೆ, ಸಂದಿಯಲ್ಲಿ ಗಾಳಿಯಾಡಿ ಚೆನ್ನಾಗಿ ಉರಿಯುತ್ತದೆ. ಮೇಪಲ್ ಎಲೆ ತೆಳು. ಚಪ್ಪಟೆಯಾಗಿ ಮಲಗಿ, ತೇವ ಹಿಡಿದು ಬೆಂಕಿಯನ್ನು ಆರಿಸುತ್ತದೆ. 20ನೇ ಶತಮಾನದಲ್ಲಿ ಅಮೆರಿಕದಲ್ಲಿ ಕಾಡ್ಗಿಚ್ಚನ್ನೆಲ್ಲ ನಂದಿಸತೊಡಗಿದಾಗ ನೆರಳು ಸಹಿಸುವ ಮೇಪಲ್‌ನಂಥ ಮರಗಳು ಓಕ್ ಕಾಡಿಗೆ ನುಗ್ಗಿದವು. ನೆರಳು ಹೆಚ್ಚಿದಷ್ಟೂ ತೇವ, ತೇವ ಹೆಚ್ಚಿದಷ್ಟೂ ಬೆಂಕಿ ಕಡಿಮೆ, ಬೆಂಕಿ ತಪ್ಪಿದಷ್ಟೂ ಮತ್ತೆ ನೆರಳು. ಈ ಸುತ್ತಿಗೆ 2008ರಲ್ಲಿ ಅರಣ್ಯ ವಿಜ್ಞಾನಿಗಳಾದ ಗ್ರೆಗರಿ ನೊವಾಕಿ ಮತ್ತು ಮಾರ್ಕ್ ಏಬ್ರಮ್ಸ್ ‘ಮೆಸೊಫಿಕೇಶನ್’ ಎಂದು ಹೆಸರಿಟ್ಟರು.

ಲಾಂಗ್‌ಲೀಫ್ ಕಾಡು ಒಂದು ಕಾಲಕ್ಕೆ ಸುಮಾರು 3.6 ಕೋಟಿ ಹೆಕ್ಟೇರ್ ಹರಡಿತ್ತು. 20ನೇ ಶತಮಾನದ ಕೊನೆಗೆ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಅದರ ತಪ್ಪನ್ನೆಲ್ಲ ನೆರಳಿನ ಮೇಲೆ ಹೊರಿಸುವಂತಿಲ್ಲ, ಕೊಡಲಿ ಮತ್ತು ನೇಗಿಲಿನ ಪಾಲೇ ದೊಡ್ಡದು.

ಮುಚ್ಚಿಹೋದ ತೆರಪನ್ನು ಗುರುತಿಸಲು ಒಂದು ಉಪಾಯವಿದೆ. ಸಪೂರ ಮರಗಳ ದಟ್ಟಣೆಯ ನಡುವೆ ಒಂದು ಮುದಿ ಓಕ್ ಅಡ್ಡಡ್ಡಕ್ಕೆ ಕೈಚಾಚಿ ನಿಂತಿದ್ದರೆ, ಅದು ಬೆಳೆದದ್ದು ಬಿಸಿಲಿನಲ್ಲಿ. ಈಗ ಆ ಕೆಳಗಿನ ಕೊಂಬೆಗಳು ಒಣಗಿರುತ್ತವೆ, ಬುಡದಲ್ಲಿ ಓಕ್ ಸಸಿ ಹುಡುಕಿದರೂ ಸಿಗುವುದು ಅಪರೂಪ.